ಒಂದಡಿ ಎತ್ತರ ಹಾರುತ್ತಿದ್ದ ಅಪ್ಪ

ನಾನು ಎಲ್ಲೇ ಕೆಲಸಕ್ಕೆ ಸೇರಲಿ, ಮೂರನೇ ದಿನಕ್ಕೆ ಅಲ್ಲಿ ನಡೆಯಬಾರದ್ದು ಏನೋ ಒಂದು ನಡೆಯುತ್ತದೆ. ನಡೆದಾಗ ಹಗ್ಗದ ಒಂದು ತುದಿ ನನ್ನ ಕೈಯಲ್ಲೇ ಇರುತ್ತದೆ. ಏಳನೇ ಕ್ಲಾಸಿನ ನಡುವೆಯೇ ಸ್ಕೂಲಿನ ಗೋಡೆ ಹಾರಿದವನು ಆಮೇಲೆ ಲಾರಿಗೆ ಟಾರ್ಪಾಲು ಕಟ್ಟಿದೆ, ಶಿವಾಜಿನಗರದಲ್ಲಿ ಮದುವೆಗಳಿಗೆ ಶಾಮಿಯಾನ ಕಟ್ಟಿದೆ, ಸಂತೆಯಲ್ಲಿ ಎಮ್ಮೆ ಕಟ್ಟಿದೆ. ಎಲ್ಲೂ ಆರು ತಿಂಗಳು ನಿಂತವನಲ್ಲ. ಆದರೆ ಈ ಒಂದು ಕೆಲಸ ಮಾತ್ರ ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಮೋಡದ ಹಾಗೆ ತೇಲಿಕೊಂಡು ಬರುತ್ತದೆ.

ಐಬಿನ ಸಂಸಾರ

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಜೋಗುಪಾಳ್ಯದ ಒಂದು ಬಾಡಿಗೆ ಮನೆಯಲ್ಲಿ ಟಿವಿ ಸೀರಿಯಲ್ ಶೂಟಿಂಗ್ ನಡೀತಿದೆ, ಗಂಟು ಹಾಕೋಕೆ ಬರೋರು ಬೇಕಂತೆ ಅಂತ ಯಾರೋ ಹೇಳಿದರು. ಹೋದೆ. ವರಾಂಡದಲ್ಲಿ ಕೂತಿದ್ದ ಡೈರೆಕ್ಟರು, "ಮನುಷ್ಯರನ್ನ ಕಟ್ಟಿದೀಯೇನಯ್ಯಾ?" ಅಂದರು.

"ಎಮ್ಮೆ ಕಟ್ಟಿದೀನಿ ಸಾರ್."

"ಸಾಕು. ಎಮ್ಮೆ ಡೈಲಾಗ್ ಮರೆಯಲ್ಲ, ಅಷ್ಟೇ ವ್ಯತ್ಯಾಸ" ಅಂದು ಸೇರಿಸಿಕೊಂಡರು.

ಸೀರಿಯಲ್ಲಿನಲ್ಲಿ ಇದ್ದದ್ದು ಒಂದು ಸಂಸಾರ. ಮನೆಮಂದಿಗೆಲ್ಲ ಒಂದೊಂದು ಶಕ್ತಿ, ಶಕ್ತಿಗೊಂದು ಐಬು. ಅಜ್ಜಿ ಮಾಯವಾಗಬಲ್ಲಳು, ಆದರೆ ಮಾಯವಾದ ಮೇಲೂ ಮಾತು ನಿಲ್ಲಿಸಳು. ಅಮ್ಮನಿಗೆ ಬೇರೆಯವರ ಮನಸ್ಸಿನಲ್ಲಿರೋದು ಕೇಳಿಸುತ್ತದೆ, ಆದರೆ ಊಟದ ವಿಚಾರ ಮಾತ್ರ. ಮಗನಿಗೆ ಆನೆಬಲ, ಅದೂ ಮಧ್ಯಾಹ್ನ ಒಂದು ನಿದ್ದೆ ಆದಮೇಲೆ. ಅಪ್ಪ ಹಾರಬಲ್ಲ, ಆದರೆ ಎತ್ತರ ಅಂದರೆ ಭಯ. ಹಾಗಾಗಿ ನೆಲದಿಂದ ಒಂದೇ ಅಡಿ ಮೇಲೆ ಹಾರುತ್ತಾನೆ. ಕಳ್ಳ ಕಾಂಪೌಂಡ್ ಹತ್ತಿದರೆ ಮುಗಿಯಿತು, ಯಾರಾದರೂ ಗೇಟು ತೆಗೆಯೋವರೆಗೆ ಅಪ್ಪ ಕಾಯಬೇಕು.

ಅಪ್ಪನ ಭಯ ಕಥೆಗಾಗಿ ಹುಟ್ಟಿದ್ದಲ್ಲ. ಆ ಪಾತ್ರ ಮಾಡುತ್ತಿದ್ದವರಿಗೆ ನಿಜಕ್ಕೂ ಕುರ್ಚಿ ಹತ್ತಿದರೆ ತಲೆ ತಿರುಗುತ್ತಿತ್ತು. ಸೇರಿಕೊಳ್ಳುವಾಗ ಹೇಳಿರಲಿಲ್ಲ. ಮೊದಲನೇ ದಿನ ಹಗ್ಗ ಎಳೆದಾಗ ಅವರು ಕಿಟಕಿಯ ಸರಳು ಹಿಡಿದುಕೊಂಡು ಬಿಡಲೇ ಇಲ್ಲ. ಡೈರೆಕ್ಟರು ಅಲ್ಲೇ ಕಥೆ ತಿದ್ದಿದರು. ಚಾನೆಲ್ಲಿನ ಸಾಹೇಬರು ಒಂದು ಷರತ್ತಿನ ಮೇಲೆ ಒಪ್ಪಿದರು: ಹದಿಮೂರನೇ ಕಂತಿಗೆ ಅಪ್ಪ ಆಕಾಶಕ್ಕೆ ಏರಲೇಬೇಕು, ಇಲ್ಲದಿದ್ದರೆ ಹದಿನಾಲ್ಕನೇ ಕಂತಿಗೆ ಬೇರೆ ಅಪ್ಪ.

ನಾನು ತಡೆಯಲಾರದೆ ಕೇಳಿದೆ, "ಯಾಕ್ ಸಾರ್, ಎಲ್ಲಾರಿಗೂ ಐಬು ಇಟ್ಟಿದೀರಾ?"

"ಐಬಿಲ್ಲದ ಹೀರೋಗೆ ಸಿಕ್ಕಾಪಟ್ಟೆ ಖರ್ಚಾಗುತ್ತೆ ಕಣಯ್ಯಾ" ಅಂದರು ಡೈರೆಕ್ಟರು. "ಐಬಾದ್ರೆ ಫ್ರೀ. ಆರ್ಟಿಸ್ಟುಗಳು ಮನೆಯಿಂದಾನೇ ತರ್ತಾರೆ."

ಹಸಿರು ಮಕಮಲ್ಲು

ಸಂಸಾರಕ್ಕೆ ಯೂನಿಫಾರ್ಮ್ ಬೇಕಿತ್ತು. ಶಿವಾಜಿನಗರದಲ್ಲಿ ನನಗೆ ಗೊತ್ತಿದ್ದ ಒಬ್ಬ ಟೈಲರ್ ಸಾಬರಿದ್ದರು. ಮೂವತ್ತು ವರ್ಷದಿಂದ ಮದುವೆ ಬ್ಯಾಂಡಿನವರಿಗೆ ಮಾತ್ರ ಹೊಲಿದವರು. ಅಳತೆ ಕೊಟ್ಟೆ.

"ಕಿಸ್ಕಿ ಶಾದಿ ಹೈ ಭಾಯ್?" ಅಂದರು, ಯಾರ ಮದುವೆ ಅಂತ.

"ಶಾದಿ ನೈ ಭಾಯ್, ಟಿವಿ ಸೀರಿಯಲ್. ಇವರು ಜಗತ್ತನ್ನ ಕಾಪಾಡೋರು."

ಸಾಬರು ತಲೆಯಾಡಿಸಿದರು. ಬಟ್ಟೆ ಬಂತು. ಹಸಿರು ಮಕಮಲ್ಲು, ಎದೆಗೆ ಚಿನ್ನದ ದಾರ, ಭುಜಕ್ಕೆ ತೂಗಾಡುವ ಕುಚ್ಚು. ಬೆನ್ನಿಗೆ ಮೇಲಂಗಿ ಇತ್ತು, ಅಷ್ಟು ಮಟ್ಟಿಗೆ ನಮ್ಮ ಮಾತು ಕೇಳಿದ್ದರು. ಬದಲಾಯಿಸೋಕೆ ಟೈಮಿರಲಿಲ್ಲ. ಅವತ್ತು ಬೆಳಗ್ಗೆ ಸಂಸಾರ ಬೀದಿಯಲ್ಲಿ ಸಾಲಾಗಿ ನಡೆದು ಬರುವ ಸೀನು. ಕ್ಯಾಮೆರಾ ದೂರದ ಮಹಡಿಯ ಮೇಲೆ, ಜನಕ್ಕೆ ಕಾಣದ ಹಾಗೆ.

ಎಳೆ ಬಿಸಿಲಿನಲ್ಲಿ ನಾಲ್ಕೂ ಜನ ಹಸಿರು ಹಸಿರಾಗಿ ನಡೆದು ಬರುತ್ತಿದ್ದರು. ನೋಡೋಕೆ ಏನೋ ಕನಸಿನ ಮೆರವಣಿಗೆ. ಅಷ್ಟರಲ್ಲಿ ಒಂದು ಮದುವೆ ಮನೆಯಿಂದ ಹುಡುಗಿಯ ಸೋದರಮಾವ ಓಡಿ ಬಂದರು. "ಎನ್ನಪ್ಪಾ, ಇವ್ಳೋ ಲೇಟಾ! ಗಂಡಿನ ಕಡೆಯೋರು ಬೀದಿ ಮೂಲೇಲಿ ನಿಂತು ಅರ್ಧ ಗಂಟೆ ಆಯ್ತು, ಬ್ಯಾಂಡೇ ಇಲ್ಲ!" ಅಂತ ತಮಿಳಿಗೆ ಕನ್ನಡ ಬೆರೆಸಿ ಬೈಯುತ್ತಾ ಅಪ್ಪನ ತೋಳು ಹಿಡಿದು ಎಳೆದುಕೊಂಡು ಹೋದರು. ಡೈರೆಕ್ಟರು 'ಕಟ್' ಅನ್ನದೆ ನಿಲ್ಲಬಾರದು ಅನ್ನೋದು ನಮ್ಮ ಸೆಟ್ಟಿನ ನಿಯಮ. ಡೈರೆಕ್ಟರು ಇದ್ದದ್ದು ದೂರದ ಮಹಡಿಯಲ್ಲಿ. ಸಂಸಾರ ನಡೆದೇ ಹೋಯಿತು.

ನಾವು ಹುಡುಕಿಕೊಂಡು ಹೋಗೋ ಹೊತ್ತಿಗೆ ಗಂಡು ಒಳಗೆ ಹೋಗಿಯಾಗಿತ್ತು. ವಾದ್ಯ ಇಲ್ಲದ್ದಕ್ಕೆ ಅಮ್ಮ ಒಂದು ದೇವರನಾಮ ಹಾಡಿದ್ದರಂತೆ, ಮಗ ತಾಂಬೂಲದ ತಟ್ಟೆಯ ಮೇಲೆ ತಾಳ ಹಾಕಿದನಂತೆ. ನಾಲ್ವರೂ ಮೊದಲ ಪಂಕ್ತಿಯಲ್ಲಿ ಎಲೆ ಮುಂದೆ ಕೂತಿದ್ದರು. ಡೈರೆಕ್ಟರು ಹಣೆ ಚಚ್ಚಿಕೊಂಡರು. ಅಜ್ಜಿ ತಲೆ ಎತ್ತದೆ ಪಾಯಸ ಸುರಿಯುತ್ತಾ ಅಂದರು: "ಸುಮ್ನಿರಪ್ಪ, ಹತ್ತು ಕಂತಿಂದ ಜಗತ್ತನ್ನ ಕಾಪಾಡ್ತಿದೀನಿ, ಒಬ್ಬರಾದ್ರೂ ಕರೆದು ಊಟ ಹಾಕಿದ್ರಾ?"

ಕಲ್ಲಾಗಿ

ಅಜ್ಜಿಯನ್ನು ಮಾಯ ಮಾಡೋಕೆ ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ. ಕ್ಯಾಮೆರಾ ಅಲ್ಲಾಡಬಾರದು, ಅಷ್ಟೇ. ಡೈರೆಕ್ಟರು "ಕಲ್ಲಾಗಿ!" ಅಂತ ಕೂಗುತ್ತಿದ್ದರು. ಎಲ್ಲರೂ ಇದ್ದ ಭಂಗಿಯಲ್ಲೇ ಕಲ್ಲಾಗಬೇಕು. ಅಜ್ಜಿ ಎದ್ದು ಆಚೆ ನಡೆದುಹೋಗಬೇಕು. ಆಮೇಲೆ ನಡುವಿನ ತುಂಡು ಕತ್ತರಿಸಿ ಅಂಟಿಸಿದರೆ ಅಜ್ಜಿ ಮಾಯ. ತೊಂದರೆ ಏನಂದರೆ, ಅಜ್ಜಿಯ ಪಾತ್ರದವರಿಗೆ ಮಂಡಿನೋವು. ಸೋಫಾದಿಂದ ಬಾಗಿಲಿಗೆ ಹೋಗೋಕೆ ಎರಡು ನಿಮಿಷ. ದಾರಿಯಲ್ಲಿ ನಿಂತು, "ಅಯ್ಯೋ, ಚಪ್ಪಲಿ ಎಲ್ಲಿ?" ಅಂದರೆ ಇನ್ನೊಂದು ನಿಮಿಷ.

ಆ ನಿಮಿಷಗಳು ನನಗೆ ಬಹಳ ಇಷ್ಟ. ಫ್ಯಾನು ನಿಲ್ಲಿಸಿರುತ್ತಿದ್ದರು. ಕಿಟಕಿಯ ಬಿಸಿಲಿನಲ್ಲಿ ಧೂಳು ಮಾತ್ರ ತೇಲಾಡುತ್ತಿತ್ತು. ಕಾಫಿ ಬಾಯಿಗಿಟ್ಟವನು ಹಾಗೇ, ಬೆರಳೆತ್ತಿ ಬೈಯುತ್ತಿದ್ದವನು ಹಾಗೇ. ಶಿಸ್ತಿಗೆಂದು ಡೈರೆಕ್ಟರೂ ಕಲ್ಲಾಗುತ್ತಿದ್ದರು, ಕಂಬದ ಹಿಂದೆ ಹಗ್ಗ ಹಿಡಿದ ನಾನೂ.

ಒಂದು ದಿನ ಅಜ್ಜಿ ಆಚೆ ಹೋಗುತ್ತಿದ್ದ ಹಾಗೇ ಮಹಡಿ ರೂಮಿನ ಬಾಡಿಗೆಯಾಕೆ ಹಿಂಬಾಗಿಲಿನಿಂದ ಕರಿಬೇವು ಕೇಳೋಕೆ ಬಂದರು. ಕಲಬುರಗಿ ಕಡೆಯವರು, ಗಾರೆ ಕೆಲಸಕ್ಕೆ ಬಂದ ಸಂಸಾರ, ಬಂದು ವಾರ ಆಗಿತ್ತು ಅಷ್ಟೇ. ಬಾಗಿಲಲ್ಲೇ ನಿಂತುಬಿಟ್ಟರು.

"ಯವ್ವಾ! ಏನಾಗ್ಯದ್ರಿ ಇವ್ರಿಗಿ?"

ಯಾರೂ ಅಲ್ಲಾಡಲಿಲ್ಲ. ಅಲ್ಲಾಡಿದರೆ ಅಜ್ಜಿ ಮೊದಲಿಂದ ನಡೆಯಬೇಕು. ಆಕೆ ಡೈರೆಕ್ಟರ ಮೂಗಿನ ಮುಂದೆ ಕೈ ಆಡಿಸಿದರು. "ರೀ ಅಣ್ಣಾರ್, ಮಾತಾಡ್ರಿ!" ಡೈರೆಕ್ಟರ ಕಣ್ಣಿನಲ್ಲಿ ನೀರು ಬಂತು, ರೆಪ್ಪೆ ಬಡಿಯಲಿಲ್ಲ. "ಯಾರ ಕಣ್ಣು ಬಿದ್ದದೋ ಏನೋ" ಅನ್ನುತ್ತಾ ಆಕೆ ಅಡಿಗೆಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ಒಬ್ಬೊಬ್ಬರಿಗೂ ಮೂರು ಮೂರು ಸಲ ನಿವಾಳಿಸಿದರು. ಅಪ್ಪನ ಹಣೆಗೆ ಕುಂಕುಮ ಹಚ್ಚಿದರು. ಕೊನೆಗೆ ಎಲ್ಲಾ ಒಯ್ದು ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟು ಎದ್ದಿದ್ದೇ ತಡ, ಹನ್ನೊಂದು ಕಲ್ಲುಗಳೂ ಒಟ್ಟಿಗೆ ಸೀನಿದವು.

ಆಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಬಿಟ್ಟು ಹೋಯ್ತು ನೋಡ್ರಿ. ಈಗ ಕರಿಬೇವು ಕೊಡ್ರಿ."

ಕೆರೆ ಏರಿಯ ಮೇಲೆ

ಹನ್ನೆರಡನೇ ಕಂತು ಮುಗಿದ ಸಂಜೆ ಅಪ್ಪನೂ ನಾನೂ ಹಲಸೂರು ಕೆರೆ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆವು. ಮೋಡಗಳು ನೀರಿನಲ್ಲಿ ನಿಧಾನಕ್ಕೆ ಹೋಗುತ್ತಿದ್ದವು. ದಾರಿಯಲ್ಲಿ ಹೋಗುತ್ತಿದ್ದ ಆಟೋದವನು ತಲೆ ಆಚೆ ಹಾಕಿ, "ಏನ್ ಗುರು, ನಿನ್ನೆ ಹಂಪ್ ಹತ್ರ ನೋಡ್ಕೊಂಡು ಹಾರಬಾರ್ದಾ, ಹೊಟ್ಟೆಗೆ ತಾಕುತ್ತೆ!" ಅಂತ ಕೂಗಿ ಹೋದ. ಅಪ್ಪ ನಗಲಿಲ್ಲ.

"ನಾಳೆ ಹಾರದಿದ್ರೆ ನಾನು ಔಟು ಕಣೋ" ಅಂದರು. "ಹದಿನೆಂಟು ವರ್ಷ ಸೀರಿಯಲ್‌ಗಳಲ್ಲಿ ಪೇದೆ, ಪೋಸ್ಟ್‌ಮ್ಯಾನು, ಮದುವೆ ಸೀನಲ್ಲಿ ಹಿಂದಿನ ಸಾಲು. ನಮ್ಮ ಮನೆಯವಳು ಟಿವಿ ಹತ್ರಕ್ಕೆ ಕೂತು, 'ಎಲ್ಲಿದೀರ್ರೀ, ಎಲ್ಲಿ?' ಅಂತ ಹುಡುಕ್ತಾಳೆ. ನಾನು ಬೆರಳು ತೋರಿಸೋ ಅಷ್ಟರಲ್ಲಿ ಸೀನೇ ಹೋಗಿರುತ್ತೆ. ಇದೊಂದರಲ್ಲೇ ಅವಳು ನನ್ನ ಹುಡುಕದೆ ನೋಡಿದ್ದು."

ನಾನು ಕೇಳಿದೆ: "ಅಕ್ಕ ನೋಡಿ ಏನಂದ್ರು ಸಾರ್?"

"'ಚೆನ್ನಾಗಿ ಹಾರ್ತೀರ, ಆದ್ರೆ ಹೊಟ್ಟೆ ಕೆಳಗೆ ಬೆಂಚಿನ ಕಾಲು ಕಾಣ್ತಿದೆ' ಅಂದ್ಲು."

ಹದಿಮೂರನೇ ಕಂತು

ಪಕ್ಕದ ಸೈಟಿನಲ್ಲಿ ಮೂರು ಅಂತಸ್ತಿನ ಮನೆ ಏಳುತ್ತಿತ್ತು. ತಾರಸಿಯಿಂದ ಬೀದಿಗೆ ಚಾಚಿದ ಕಬ್ಬಿಣದ ತೊಲೆಗೆ ರಾಟೆ ಹಾಕಿದ್ದೆ. ಅಪ್ಪನ ಸೊಂಟಕ್ಕೆ, ಎದೆಗೆ ಬೆಲ್ಟು ಬಿಗಿದು ನನಗೆ ಬರುವ ಗಂಟುಗಳನ್ನೆಲ್ಲ ಹಾಕಿದೆ. ಹಗ್ಗ ಎಳೆಯೋಕೆ ನನ್ನ ಜೊತೆ ಇನ್ನೂ ನಾಲ್ಕು ಜನ. ಚಾನೆಲ್ ಸಾಹೇಬರು ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಹದಿನಾಲ್ಕನೇ ಕಂತಿನ ಬೇರೆ ಅಪ್ಪನೂ ಕೂತಿದ್ದ. ಎತ್ತರದ ಆಳು. ಬರುವಾಗಲೇ ಹಸಿರು ಮಕಮಲ್ಲು ಹಾಕಿಕೊಂಡು ಬಂದಿದ್ದ.

ಅಪ್ಪ ಅವನನ್ನು ನೋಡಿದರು. ನನ್ನನ್ನು ನೋಡಿದರು. "ಎಳಿ" ಅಂದರು. ಕಣ್ಣು ಮುಚ್ಚಿಕೊಂಡರು.

ಎಳೆದೆವು. ಕಿಟಕಿ ದಾಟಿದರು, ಬಾಲ್ಕನಿ ದಾಟಿದರು. ತುಟಿ ಅಲ್ಲಾಡುತ್ತಿತ್ತು, ಯಾವ ದೇವರೋ ಗೊತ್ತಿಲ್ಲ, ಪಟ್ಟಿ ಉದ್ದ ಇತ್ತು. ಮೂರನೇ ಅಂತಸ್ತಿಗೆ ಬಂದಾಗ ಹಗ್ಗವನ್ನು ಕಂಬಕ್ಕೆ ಬಿಗಿದು ನಿಲ್ಲಿಸಿದೆವು. ಆಗ ಕೆರೆ ಕಡೆಯಿಂದ ಒಂದು ಹದ್ದು ರೆಕ್ಕೆ ಬಡಿಯದೆ ತೇಲುತ್ತಾ ಬಂತು. ಅಪ್ಪನ ಪಕ್ಕದಲ್ಲೇ ಒಂದು ಸುತ್ತು ಹೊಡೆದು ಅವರ ಮುಖ ನೋಡಿ, ಅಂಥಾ ವಿಶೇಷವೇನಿಲ್ಲ ಅನ್ನೋ ಹಾಗೆ ಹೊರಟುಹೋಯಿತು. ಹೋಗುವಾಗ ಬೀಸಿದ ರೆಕ್ಕೆಯ ಗಾಳಿಗೆ ಅಪ್ಪ ಕಣ್ಣು ಬಿಟ್ಟರು.

ನಾವು ಹಗ್ಗಕ್ಕೆ ಕೈ ಹಾಕಿದೆವು. ಅವರು ಕೂಗಲಿಲ್ಲ. ಕೆಳಗೆ ನೋಡಿದರು. ಆಮೇಲೆ ಮೆಲ್ಲಗೆ, "ಕೆರೆ ಇಷ್ಟು ದುಂಡಗಿದ್ಯಾ!" ಅಂದರು. ಕೈಗಳು ತಾವಾಗೇ ಅಗಲಕ್ಕೆ ಚಾಚಿಕೊಂಡವು. ಗಾಳಿಗೆ ಮೇಲಂಗಿ ಉಬ್ಬಿತು. "ಲೋ, ಮಿಲಿಟರಿಯೋರ ದಂಡಿನ ಮರಗಳೆಲ್ಲ ಕಾಣ್ತಿವೆ ಕಣ್ರೋ! ಕೆ.ಆರ್. ಪುರ ಕಾಣ್ತಿದೆ! ನಮ್ಮ ಮನೆ ಕಾಣ್ತಿದೆ!" ಅಷ್ಟು ದೂರದ ಕೆ.ಆರ್. ಪುರ ಅಲ್ಲಿಂದ ಹೇಗೆ ಕಂಡೀತು? ಆದರೆ ಹಗ್ಗ ಹಿಡಿದವನಿಗೆ ಯಾಕೆ ವಾದ. "ಡೈರೆಕ್ಟರೇ, ನಿಮ್ಮ ನಡುನೆತ್ತಿ ಬೋಳಾಗಿದೆ, ಗೊತ್ತಾ ನಿಮಗೆ? ರೀ, ಆ ನೀಲಿ ಮನೆಯೋರ್ಗೆ ಯಾರಾದ್ರೂ ಹೇಳ್ರೀ, ಹಪ್ಪಳ ಕಾಗೆ ತಿಂತಿದೆ!"

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಚಾನೆಲ್ ಸಾಹೇಬರು ಕತ್ತು ಹಿಂದಕ್ಕೆ ಹಾಕಿ ನೋಡಿ, ಪಕ್ಕದಲ್ಲಿದ್ದವನ ಕಡೆ ತಿರುಗಿ, "ನೀವು ಹೊರಡಿ ಸಾರ್. ಇವರೇ ಅಪ್ಪ" ಅಂದರು. ನಾವು ಐದು ಜನ ಹಗ್ಗದವರು ಒಬ್ಬರನ್ನೊಬ್ಬರು ತಬ್ಬಿಕೊಂಡೆವು.

ಆಮೇಲೆ ಸಾಹೇಬರು ಮಾನಿಟರ್ ಹತ್ತಿರ ಹೋಗಿ, ತೆಗೆದದ್ದನ್ನು ಹಾಕಿಸಿ ನೋಡಿದರು. ಪರದೆಯ ಮೇಲೆ ಅಪ್ಪನ ಮುಖ, ಹಿಂದೆ ನೀಲಿ ಆಕಾಶ. ಅಷ್ಟೇ. ಬೀದಿ ಇಲ್ಲ, ಮನೆ ಇಲ್ಲ, ತೆಂಗಿನಮರದ ತುದಿಯೂ ಇಲ್ಲ. ಹನ್ನೆರಡು ಕಂತು ಅಪ್ಪನ ಕೆಳಗಿದ್ದ ಬೆಂಚನ್ನ ಮುಚ್ಚಿಡೋದೇ ಕ್ಯಾಮೆರಾದವರ ಕೆಲಸವಾಗಿತ್ತು. ಪಾಪ, ಕೈಗೆ ಅದೇ ಅಭ್ಯಾಸವಾಗಿಹೋಗಿತ್ತು.

ಸಾಹೇಬರು ಮಾನಿಟರ್ ನೋಡಿದರು, ಆಕಾಶ ನೋಡಿದರು, ಮತ್ತೆ ಮಾನಿಟರ್ ನೋಡಿದರು. "ಅಲ್ರೀ, ಇದನ್ನ ನೆಲದ ಮೇಲೇ ತೆಗೀಬಹುದಿತ್ತಲ್ರೀ!"

ಕ್ಯಾಮೆರಾದವರು ನೆಲ ನೋಡಿದರು. ಡೈರೆಕ್ಟರಿಗೆ ಮೇಲೆ ನೋಡುವ ಧೈರ್ಯ ಬರಲಿಲ್ಲ. ಆ ಮನುಷ್ಯನನ್ನು ಇನ್ನೊಂದು ಸಲ ಹತ್ತಿಸೋದು ಯಾರು? ಕೊನೆಗೆ ಅಪ್ಪನಿಗೆ ಕೇಳೋ ಹಾಗೆ ಕೈಮುಗಿದುಕೊಂಡೇ ಕೂಗಿದರು: "ಸಾರ್, ದಯವಿಟ್ಟು ಕ್ಷಮಿಸಬೇಕು... ಇಳಿಸಿ, ಸ್ವಲ್ಪ ಸುಧಾರಿಸ್ಕೊಂಡು, ಇನ್ನೊಂದು ಟೇಕ್..."

ಅಪ್ಪ ಗಾಳಿಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿದರು. ಅಷ್ಟು ಎತ್ತರದಿಂದ ದನಿ ಬಹಳ ಸಮಾಧಾನವಾಗಿ ಕೇಳಿಸಿತು:

"ಯಾಕ್ರೀ ಇಳಿಸ್ತೀರಾ? ನೀವು ನಿಧಾನಕ್ಕೆ ಕಲ್ತ್ಕೊಳಿ, ನಾನಿಲ್ಲೇ ಇರ್ತೀನಿ. ಊಟಾನೂ ಇಲ್ಲಿಗೇ ಕಳ್ಸಿ. ಸಾರು ಮಾತ್ರ ಬೇಡ, ಕೆಳಗಿರೋರ ಮೇಲೆ ಚೆಲ್ಲುತ್ತೆ."