ಅಧೀಕ್ಷಕರ ಮುಖದ ಕೆಂಪನ್ನು ಹಿಂತೆಗೆದುಕೊಂಡಿರುವ ಕುರಿತು

ಪರಸಿ (ನೆಲಹಾಸು) ಕಲ್ಲು ಪರವಾನಗಿ ಶಾಖೆ, ಚಿತ್ತಾಪುರ
ಸಂಖ್ಯೆ: ಪಕಪ/ಮುಖ/ಕೆಂಪು/2006-07
ದಿನಾಂಕ: 12-03-2007

ಸುತ್ತೋಲೆ

ವಿಷಯ: ಅಧೀಕ್ಷಕರಾದ ಶ್ರೀಮತಿ ಪದ್ಮಜಾ ಅವರ ಮುಖಕ್ಕೆ ಲೇಸರ್ ಚಿಕಿತ್ಸೆಯಾದ ನಂತರ ಸಿಬ್ಬಂದಿ ನಡೆದುಕೊಳ್ಳಬೇಕಾದ ರೀತಿ.

ಉಲ್ಲೇಖ: 1) ಹೈದರಾಬಾದಿನ ಚರ್ಮರೋಗ ವೈದ್ಯರ ಚೀಟಿ. 2) ಕೆಂಪನ್ನೇ ಮುಂದುವರಿಸಬೇಕೆಂದು ಸಿಬ್ಬಂದಿ ಸಲ್ಲಿಸಿದ ಮನವಿ. 3) ಭಂಕೂರದ ಜೈತುನ್ಬೀ ಅವರು ಬಾಯಿಮಾತಿನಲ್ಲಿ ಹೇಳಿದ್ದು.

ಪ್ರಸ್ತಾವನೆ:

ಸದರಿ ಅಧೀಕ್ಷಕರ ಮೂಗು ಮತ್ತು ಎರಡೂ ಗಲ್ಲ ಬಹಳ ವರ್ಷಗಳಿಂದ ಕೆಂಪಾಗಿದ್ದವು. ಇದು ರೋಸೇಶಿಯಾ ಎಂಬ ಕಾಯಿಲೆ, ತೊಗಲಿನ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗುವುದರಿಂದ ಹೀಗಾಗುತ್ತದೆ ಎಂದು ಉಲ್ಲೇಖ ಒಂದರಲ್ಲಿ ತಿಳಿಸಲಾಗಿದೆ. ಈ ಕಚೇರಿಯಲ್ಲಿ ಮಾತ್ರ ಅದನ್ನು ಸಿಟ್ಟು ಎಂದೇ ಓದಲಾಗುತ್ತಿತ್ತು. ಜವಾನ ಅಂಬರಾಯ ಅವರು ದಿನಾ ಬಾಗಿಲ ಸಂದಿಯಿಂದ ಇಣುಕಿ ಗಜ್ಜರಿ, ಟಮಾಟಿ, ಬೀಟ್‌ರೂಟ್ ಎಂದು ದರ್ಜೆ ಕಟ್ಟುತ್ತಿದ್ದರು. ಬೀಟ್‌ರೂಟ್ ದಿನ ಬಂದವರನ್ನು “ಇವತ್ತ ಬ್ಯಾಡ್ರಿ, ಜೀವದ ಮ್ಯಾಲ ಆಸೆ ಇದ್ರ ನಾಳಿ ಬರ್ರಿ” ಎಂದು ಹೊಸ್ತಿಲಿನಿಂದಲೇ ಕಳಿಸಲಾಗುತ್ತಿತ್ತು. ಈ ಪದ್ಧತಿ ಇಡೀ ತಾಲೂಕಿಗೆ ಗೊತ್ತಿತ್ತು, ಅಧೀಕ್ಷಕರಿಗೆ ಗೊತ್ತಿರಲಿಲ್ಲ.

ಮೊದಲ ಸಲ ಲೇಸರ್ ಹೊಡೆಸಿಕೊಂಡು ಬಂದಾಗ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ವಾರದೊಳಗೆ ಹೋಗುವ ಕಲೆ ಅದು. ಆದರೆ ಅಂಬರಾಯ ಅವರ ದರ್ಜೆಗಳಲ್ಲಿ ಬದನೆಕಾಯಿ ಇರಲಿಲ್ಲ. “ಎಲ್ಲಾರೂ ಮನಿಗಿ ನಡೀರಿ, ಇದು ಬೀಟ್‌ರೂಟಿನ ಅಪ್ಪ!” ಎಂದು ಕೂಗಿ ಅವರು ಕಚೇರಿಗೆ ಬೀಗ ಹಾಕಿದರು. ಅಧೀಕ್ಷಕರು ಒಳಗೇ ಇದ್ದರು.

ಎರಡನೆಯ ಸಲದ ನಂತರ ಕೆಂಪು ಇಳಿಯಿತು. ಆಗ ಗುಮಾಸ್ತ ಸುರೇಶಕುಮಾರ ಅವರು ಸೇಡಂನ ಅತ್ತೆಮನೆಗೆ ಹೋಗಲು ಮತ್ತೊಮ್ಮೆ ರಜೆ ಕೇಳಿದರು. ಅಧೀಕ್ಷಕರು ಗಂಟಲು ಹರಿಯುವಂತೆ ಬೈದರು. ಸದರಿಯವರು ಹಲ್ಲು ಕಿರಿದು, “ಮೇಡಂ, ಇವತ್ತ ಭಾಳ ಖುಷಿನ್ಯಾಗ ಅದೀರಿ” ಎಂದರು. ಮನವಿ ಬರೆದವರೂ ಇವರೇ.

ಅದೇ ದಿನ ಜೈತುನ್ಬೀ ಅವರು ಮೊದಲ ಬಾರಿಗೆ ಒಳಗೆ ಬಂದರು. ತೀರಿಹೋದ ಗಂಡನ ಕಲ್ಲುಗಣಿ ಪರವಾನಗಿ ಈ ತಿಂಗಳೊಳಗೆ ಅವರ ಹೆಸರಿಗೆ ಆಗದಿದ್ದರೆ ರದ್ದಾಗುವುದಿತ್ತು. “ಎಷ್ಟ್ ಸಲ ಬಂದು ಹೊಳ್ಳಿ ಹೋಗೀನ್ರಿ ಮೇಡಂ. ಮುಖ ಕೆಂಪ ಐತಿ ಅಂತಿದ್ರು. ಇವತ್ತ ನೋಡಿದ್ರ ನಮ್ಮ ಅಕ್ಕನಂಗ ಕಾಣಾಕತ್ತೀರಿ” ಎಂದರು. ಆ ಕಡತ ಅಷ್ಟೂ ದಿನ ಅಧೀಕ್ಷಕರ ಮೇಜಿನ ಮೇಲೆಯೇ ಇತ್ತು. ಸಹಿ ಮಾಡಲು ಈ ಹೆಣ್ಣುಮಗಳು ಯಾಕೆ ಬರುತ್ತಿಲ್ಲವೆಂದು ಅವರು ದಿನಾ ಕುದಿಯುತ್ತಿದ್ದರು. ಕುದ್ದಷ್ಟೂ ಮುಖ ಬೀಟ್‌ರೂಟ್ ಆಗುತ್ತಿತ್ತು. ಆದಕಾರಣ ಈ ಕೆಳಗಿನಂತೆ ಆದೇಶಿಸಲಾಗಿದೆ.

1. ಸಿಬ್ಬಂದಿಯ ಮನವಿಯನ್ನು ತಿರಸ್ಕರಿಸಲಾಗಿದೆ. ಬಣ್ಣವನ್ನು ಮಾತ್ರ ಹಿಂತೆಗೆದುಕೊಳ್ಳಲಾಗಿದ್ದು, ಸಿಟ್ಟು ಎಂದಿನಂತೆ ಜಾರಿಯಲ್ಲಿರುತ್ತದೆ.

2. ಸಿಟ್ಟನ್ನು ಇನ್ನು ಮುಂದೆ ಕಿವಿಯಿಂದ ತಿಳಿಯತಕ್ಕದ್ದು. ಬೈಗುಳವೋ ಮೆಚ್ಚುಗೆಯೋ ಎಂಬ ಅನುಮಾನ ಬಂದಲ್ಲಿ ಬೈಗುಳವೆಂದೇ ಭಾವಿಸತಕ್ಕದ್ದು.

3. ಬಿಸಿ ಚಹಾ ಕೆಂಪನ್ನು ಕೆರಳಿಸುವುದರಿಂದ ಬಸಿಗೆ ಸುರಿದು ಫ್ಯಾನಿನ ಕೆಳಗೆ ಆರಿಸಿ ತರತಕ್ಕದ್ದು. ಬಾಯಿಂದ ಊದತಕ್ಕದ್ದಲ್ಲ. ಕರೆಂಟು ಹೋಗಿ ಫ್ಯಾನು ನಿಂತರೆ, ಸೇಡಂ ಶಾಖೆಯಿಂದ ಚಹಾ ತರಿಸತಕ್ಕದ್ದು, ಬರುವಷ್ಟರಲ್ಲಿ ಆರಿರುತ್ತದೆ.

4. ಅಧೀಕ್ಷಕರಿಗೆ ಖಾರ ವರ್ಜ್ಯ. ಅವರೆದುರು ಮಿರ್ಚಿ ಭಜಿ ತಿನ್ನುವವರು ಔಷಧಿ ಕುಡಿಯುವವರಂತೆ ಮುಖ ಮಾಡತಕ್ಕದ್ದು. ಬೆರಳು ನೆಕ್ಕಿದವರಿಂದ ವಿವರಣೆ ಕೇಳಲಾಗುವುದು.

5. ಶಹಾಬಾದ, ವಾಡಿ ಕಡೆ ಕಲ್ಲುಗಣಿ ತಪಾಸಣೆಗೆ ಹೋದಾಗ ಮೈಕೈ ತುಂಬಿದ ಸಿಬ್ಬಂದಿಯೊಬ್ಬರು ಅಧೀಕ್ಷಕರಿಗೂ ಸೂರ್ಯನಿಗೂ ನಡುವೆ ನಿಲ್ಲತಕ್ಕದ್ದು. ಸೂರ್ಯ ಸರಿದಂತೆ ಅವರೂ ಸರಿಯತಕ್ಕದ್ದು. ಇದಕ್ಕೆ ನೆರಳು ಭತ್ಯೆ ಇರುವುದಿಲ್ಲ.

6. ಮುಖದ ಬದಲಿಗೆ, ರೈಲ್ವೆ ಗಾರ್ಡುಗಳ ಹತ್ತಿರ ಇರುವಂತೆ ಒಂದು ಕೆಂಪು, ಒಂದು ಹಸಿರು ಬಾವುಟವನ್ನು ಬಾಗಿಲಿಗೆ ಒದಗಿಸಬೇಕೆಂಬ ಸಿಬ್ಬಂದಿಯ ಕೋರಿಕೆಯನ್ನು ಒಪ್ಪಲಾಗಿದೆ. ಎರಡೂ ಹಸಿರೇ ಇರತಕ್ಕದ್ದು.

7. ಅಂಬರಾಯ ಅವರು ಬಂದವರಿಗೆ “ಬರ್ರಿ, ಕುಂದ್ರಿ” ಎಂದಷ್ಟೇ ಹೇಳತಕ್ಕದ್ದು. ರೂಢಿಯಾಗುವ ತನಕ ಖಾಲಿ ಕುರ್ಚಿಗೆ ಹೇಳಿ ಅಭ್ಯಾಸ ಮಾಡತಕ್ಕದ್ದು.

8. ಅಧೀಕ್ಷಕರು ಕೊನೆಯ ಸಲದ ಲೇಸರಿಗೆ ಹೋಗಿಯೇ ಹೋಗುತ್ತಾರೆ. ಮರಳಿದ ಮೇಲೆ ಬದನೆಕಾಯಿ ಬಣ್ಣ ಕಂಡಲ್ಲಿ ಕಚೇರಿಗೆ ಬೀಗ ಹಾಕತಕ್ಕದ್ದಲ್ಲ. ತಡೆಯಲಾಗದಿದ್ದರೆ, ಮೊದಲು ಅಧೀಕ್ಷಕರನ್ನು ಹೊರಗೆ ಬಿಡತಕ್ಕದ್ದು.

ಸಹಿ/-
(ಪದ್ಮಜಾ)
ಅಧೀಕ್ಷಕರು
ಸಹಿ ಮಾಡುವಾಗ ಮುಖದ ಬಣ್ಣ: ಅನ್ವಯಿಸುವುದಿಲ್ಲ

ಪ್ರತಿಗಳು:

1. ಸೇಡಂ ಮತ್ತು ಚಿಂಚೋಳಿ ಶಾಖೆಗಳ ಅಧೀಕ್ಷಕರಿಗೆ. ತಮ್ಮ ಬಾಗಿಲಲ್ಲಿ ಯಾವ ತರಕಾರಿ ನಡೆದಿದೆ ಎಂದು ವಿಚಾರಿಸಿಕೊಳ್ಳಲು.
2. ಭಜಿ ಅಂಗಡಿಯ ರತ್ನಾಬಾಯಿ ಅವರಿಗೆ. ಮೆಣಸಿನಕಾಯಿ ಇಲ್ಲದ ಮಿರ್ಚಿ ಭಜಿ ಸಾಧ್ಯವೇ ಎಂದು ಮರುಟಪಾಲಿನಲ್ಲಿ ತಿಳಿಸಲು.
3. ಅಂಬರಾಯ ಅವರಿಗೆ. ಇಣುಕುವ ಸಂದಿಯ ಮೇಲೆಯೇ ಅಂಟಿಸಲು.
4. ಜೈತುನ್ಬೀ ಅವರಿಗೆ, ಅವರ ಹೆಸರಿಗೆ ಆದ ಪರವಾನಗಿಯೊಂದಿಗೆ. ಅಕ್ಕ ಎಂದು ಕರೆದದ್ದನ್ನು ಕಡತದಲ್ಲಿ ದಾಖಲಿಸಿಕೊಳ್ಳಲಾಗಿದೆ.