ಮೊಮ್ಮಗಳ ಎಡಗಿವಿಯನ್ನು ಹಿಂದಿರುಗಿಸುವ ಬಗ್ಗೆ

ನವಜಾತ ಶಿಶುಗಳ ಚಿತ್ರ ತೆಗೆಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿರುವ ಸ್ಟುಡಿಯೋದ ಮಾನ್ಯ ಮಾಲೀಕರೇ,

ಕಳೆದ ವಾರ ತಮ್ಮಲ್ಲಿಗೆ ಬಂದಿದ್ದ ಹನ್ನೊಂದು ದಿನದ ಹೆಣ್ಣುಮಗುವಿನ ಅಜ್ಜ ಮಾಡುವ ಸವಿನಯ ನಮಸ್ಕಾರಗಳು. ಮಗು ಬಟ್ಟೆಯಿಲ್ಲದೆಯೂ ಬೆಚ್ಚಗೆ ಮಲಗಲೆಂದು ತಾವು ಕೋಣೆಯನ್ನು ಕಾಯಿಸಿಟ್ಟಿದ್ದ ಪರಿಯನ್ನು ಮೊದಲು ಕೊಂಡಾಡಬೇಕು. ಆ ಕಾವಿಗೆ ನನ್ನ ಅಳಿಯ ಕುರ್ಚಿಯಲ್ಲೇ ಗೊರಕೆ ಹೊಡೆದ, ನಾನು ತೂಕಡಿಸಿದೆ, ತಮ್ಮ ಸಹಾಯಕಿ ಆಕಳಿಸಿ ಆಕಳಿಸಿ ಸುಸ್ತಾದರು. ಮಗು ಮಾತ್ರ ಎರಡು ಗಂಟೆ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ನಮ್ಮನ್ನೆಲ್ಲ ಕಾವಲು ಕಾಯಿತು. ತಮ್ಮ ಬಿಳಿ ತುಪ್ಪಳದ ಹಾಸನ್ನು ಒದ್ದೆ ಮಾಡಿದ ಮೇಲೆಯೇ ಅದಕ್ಕೆ ನಿದ್ದೆ ಬಂದದ್ದು.

ಚಿತ್ರಗಳು ಕೈಸೇರಿದವು. ಒಂದರಲ್ಲಿ ಮೊಮ್ಮಗಳು ಅಂಗೈಗಳ ಮೇಲೆ ಗಲ್ಲವಿಟ್ಟು ಲೋಕದ ಚಿಂತೆಯನ್ನೆಲ್ಲ ತಲೆಗೆ ಹಚ್ಚಿಕೊಂಡು ಕೂತಿದ್ದಾಳೆ. ಬೀಳದಂತೆ ಅವಳ ತಲೆ ಹಿಡಿದಿದ್ದ ನನ್ನ ಕೈಗಳು ಮಂಗಮಾಯ. ಇರಲಿ. ಇನ್ನೊಂದರಲ್ಲಿ ನನ್ನ ಮುಖಕ್ಕೆ ತಾವು ಹಾಕಿದ ಇಸ್ತ್ರಿ ಕಂಡು, ನಲವತ್ತು ವರ್ಷ ದರ್ಜಿಯಾಗಿರುವ ನಾನೇ ನಾಚಿಕೊಂಡೆ. ಮಗಳ ಪಕ್ಕದಲ್ಲಿ ಅವಳ ತಮ್ಮನಂತೆ ನಿಂತಿದ್ದೇನೆ. ಅದೂ ಇರಲಿ.

ನನ್ನ ತಕರಾರು ಎಡಗಿವಿಯದು. ಮೊಮ್ಮಗಳ ಎಡಗಿವಿಯ ತುದಿ ಅಂಗಿಯ ಕಾಲರಿನಂತೆ ಮುಂದಕ್ಕೆ ಮಡಚಿಕೊಂಡಿದೆ. ತಾವು ಬಲಗಿವಿಯನ್ನೇ ತಿರುಗಿಸಿ, ಹನ್ನೆರಡು ಚಿತ್ರಗಳಲ್ಲೂ ಎಡಕ್ಕೆ ಅಂಟಿಸಿದ್ದೀರಿ. ಹೊಲಿಗೆ ಎಲ್ಲೂ ಕಾಣುವುದಿಲ್ಲ. ಈ ಮಾತನ್ನು ನಾನು ಅಷ್ಟು ಸುಲಭಕ್ಕೆ ಯಾರಿಗೂ ಹೇಳುವವನಲ್ಲ.

ಅಂಥದ್ದೇ ಕಿವಿ ನನ್ನ ಹೆಂಡತಿಗಿತ್ತು. ಅವಳು ಹೋಗಿ ನಾಲ್ಕು ವರ್ಷವಾಯಿತು. ಇದ್ದಷ್ಟು ದಿನವೂ ಅದನ್ನು ಕೂದಲಿನಲ್ಲಿ ಮುಚ್ಚಿಕೊಂಡಳು, ಕ್ಯಾಮೆರಾ ಕಂಡರೆ ಸಾಕು, “ಈ ಕಡೆಯಿಂದ ತೆಗೀರಪ್ಪಾ” ಎಂದು ಬಲಗೆನ್ನೆ ಒಡ್ಡುತ್ತಿದ್ದಳು. ನಮ್ಮ ಆಲ್ಬಮ್ಮಿನಲ್ಲಿ ಆ ಕಿವಿಯ ಚಿತ್ರ ಒಂದೂ ಇಲ್ಲ. ಮೊಮ್ಮಗಳ ಟೋಪಿ ಸರಿಸಿ, ಎಡಗಿವಿ ಮುಟ್ಟಿ ತೋರಿಸಿ, ಇದನ್ನು ಸ್ವಲ್ಪ ನೋಡಿಕೊಳ್ಳಿ ಎಂದು ನಾನು ಮೂರು ಸಲ ತಮ್ಮಲ್ಲಿ ಕೇಳಿಕೊಂಡದ್ದು ಅದಕ್ಕೇ. ತಿದ್ದಿಕೊಡಿ ಎನ್ನುತ್ತಿದ್ದೇನೆಂದು ತಾವು ತಿಳಿದಿರಿ. ತಪ್ಪು ನನ್ನದೂ ಹೌದು. ಕಾರಣ ಹೇಳಲು ಸಂಕೋಚವಾಯಿತು.

ಆದ್ದರಿಂದ, ತಿದ್ದುವ ಮೊದಲಿನ ಚಿತ್ರ ಒಂದಾದರೂ ಉಳಿದಿದ್ದರೆ ದಯಮಾಡಿ ಕೊಡಿ. ನಾನು ಮೊಬೈಲಿನಲ್ಲಿ ತೆಗೆದವುಗಳಲ್ಲಿ ನನ್ನ ಹೆಬ್ಬೆರಳೇ ಚೆನ್ನಾಗಿ ಬಂದಿದೆ. ಎಲ್ಲವನ್ನೂ ಅಳಿಸಿದ್ದೀರಾದರೆ, ಹೆಂಡತಿಯ ಹಳೆಯ ಚಿತ್ರವೊಂದನ್ನು ತಂದುಕೊಡುತ್ತೇನೆ. ಅವಳ ಮುಖವನ್ನು ಒಂದಿಷ್ಟು ಈ ಕಡೆ ತಿರುಗಿಸಿ, ಕೂದಲು ಹಿಂದಕ್ಕೆ ಸರಿಸಿಕೊಡಿ. ನಾನು ಹೇಳಿದರೆ ಕೇಳುತ್ತಿರಲಿಲ್ಲ, ತಾವು ಹೇಳಿದರೆ ಕೇಳಬಹುದು.

ಚಿತ್ರಗಳಲ್ಲಿ ಮೊಮ್ಮಗಳ ಎರಡೂ ಕಿವಿ ಸಪಾಟಾಗಿದ್ದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮಗುವಿನ ಅಜ್ಜ

ತಾ.ಕ.: ಇವತ್ತು ಮಕ್ಕಳ ವೈದ್ಯರು ಕಿವಿ ಮುಟ್ಟಿ ನೋಡಿ, ಮಡಿಕೆ ಸಡಿಲವಾಗುತ್ತಿದೆ, ಕೆಲವೇ ದಿನಗಳಲ್ಲಿ ತಾನಾಗಿಯೇ ನೆಟ್ಟಗಾಗುತ್ತದೆ ಎಂದರು. ಮಗಳಿಗೆ ಹಿಡಿಸಲಾರದಷ್ಟು ಸಂತೋಷ. ತಾವು ಅವಸರಪಡದಿದ್ದರೆ ತಮ್ಮ ಕೆಲಸವನ್ನು ಮಗುವೇ ಮಾಡಿ ಮುಗಿಸುತ್ತಿತ್ತು. ನಾಳೆ ಬೆಳಿಗ್ಗೆ ತಾವು ಬಾಗಿಲು ತೆಗೆಯುವ ಮೊದಲೇ ಮೊಮ್ಮಗಳನ್ನೆತ್ತಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತೇನೆ. ಕ್ಯಾಮೆರಾ ಸಿದ್ಧವಾಗಿರಲಿ, ಕಂಪ್ಯೂಟರಿಗೆ ಒಂದು ದಿನ ರಜೆ ಕೊಡಿ.