ಅಟ್ಟದ ಮೇಲಿನ ಇಂಗ್ಲೆಂಡು

ನಮ್ಮ ಅಕ್ಕ ಬಿಳಿಗೆರೆಯಲ್ಲಿ ಕೂತೇ ಆರು ವರ್ಷ ಇಂಗ್ಲೆಂಡನ್ನು ಆಳಿದರು ಎಂದರೆ ನೀವು ನಂಬಬೇಕು. ಅಲ್ಲಿನ ರಾಣಿಗೆ ಈ ಸಂಗತಿ ತಿಳಿಯದೇ ಹೋದದ್ದು ರಾಣಿಯ ದುರದೃಷ್ಟ!

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನನ್ನ ಓರಗಿತ್ತಿ. ನಮ್ಮವರ ಅಣ್ಣನ ಹೆಂಡತಿ. ಬಾವ ಮದುವೆಯಾದ ಎರಡೇ ತಿಂಗಳಿಗೆ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯೊಂದಕ್ಕೆ ಹೊರಟುಹೋದರು. ಆ ಎರಡರಲ್ಲಿ ಒಂದು ಆಷಾಢ. ಹೊಸ ಸೊಸೆ ತವರಿನಲ್ಲಿರಬೇಕಲ್ಲ, ಅಕ್ಕ ಶೆಟ್ಟಿಕೆರೆಯಲ್ಲಿದ್ದರು. ಮಿಕ್ಕ ತಿಂಗಳು ನೆಂಟರ ಮನೆಯ ಊಟಗಳಲ್ಲಿ ಮುಗಿದಿತ್ತು. ಬರುವ ವರ್ಷ ಕರೆಸಿಕೊಳ್ಳುತ್ತೇನೆಂದು ಬಾವ ಪ್ರತಿವರ್ಷವೂ ಬರೆಯುತ್ತಿದ್ದರು. ತಿಪಟೂರಿನಲ್ಲಿ ಅರ್ಜಿ ಟೈಪು ಮಾಡುವಾತ, "ಮದ್ರಾಸಲ್ಲಿ ಸಾಹೇಬ್ರು ಅವ್ರ ದೇಶದ ಮೇಲೆ ಪ್ರಶ್ನೆ ಕೇಳ್ತಾರೆ ಕಣಮ್ಮ. ತಪ್ಪಿದ್ರೆ ವೀಸಾ ಇಲ್ಲ" ಎಂದುಬಿಟ್ಟ. ಅಷ್ಟೇ! ಅಕ್ಕ ಮೇಷ್ಟ್ರ ಮನೆಯಿಂದ ಹಳೇ ಭೂಗೋಳದ ಪುಸ್ತಕ ತಂದರು.

ನಮ್ಮ ಕಡೆ ತೆಂಗಿನಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಬಿಟ್ಟು ಕೊಬ್ಬರಿ ಮಾಡುತ್ತಾರಷ್ಟೆ. ಅಕ್ಕ ಆ ಕಾಯಿಗಳನ್ನೇ ಭೂಪಟದಂತೆ ಒಟ್ಟಿದರು. ಮೇಲೆ ಸ್ಕಾಟ್ಲೆಂಡು, ಮಗ್ಗುಲಿಗೆ ವೇಲ್ಸು, ಓಡಾಡಲು ನಡುವೆ ಸಮುದ್ರ ಬಿಟ್ಟು ಆಚೆಗೆ ಐರ್ಲೆಂಡು! ಕೇಳಿ ಕೇಳಿ ಮನೆಯವರ ಬಾಯಲ್ಲೂ ಅದೇ ಆಯಿತು. ಒಂದು ದಿನ ಮಾವನವರು ಅಟ್ಟದಿಂದ ಕೂಗಿದರು: "ಐರ್ಲೆಂಡಿಗೆ ಇಲಿ ಬಿದ್ದೈತೆ ಕಣ್ರಲಾ! ಸ್ಕಾಟ್ಲೆಂಡಾದ್ರೂ ಉಳಿಸ್ಕಳಿ!"

ಅತ್ತೆಯವರಿಗೆ ರಾಜ್ಯಭಾರದ ಪಾಠವಾಗುತ್ತಿತ್ತು. "ರಾಣಿ ಸಿಂಹಾಸನದ ಮೇಲೆ ಕೂತಿರ್ತಾರೆ ಅತ್ತೆ. ಎಲ್ಲ ನಡ್ಸೋದು ಪ್ರಧಾನಮಂತ್ರಿ. ರಾಣಿ ಹೂಂ ಅಂದ್ರೆ ಆಯ್ತು."

"ಅದನ್ನ ನೋಡಕ್ಕೆ ಅಲ್ಲೀಗಂಟ ಯಾಕೋಗ್ಬೇಕು? ಉಗ್ರಾಣದ ಬೀಗದಕೈ ನಿನ್ತಾವ, ಹೂಂ ಅನ್ನೋಳು ನಾನು!"

ಅಲ್ಲಿ ಎಲ್ಲದಕ್ಕೂ ಸಾಲು ನಿಲ್ಲುತ್ತಾರೆಂದು ಯಾರೋ ಹೇಳಿದ ಮೇಲೆ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಅದರ ಅಭ್ಯಾಸ ನಡೆಯಿತು. ಬಸ್ಸು ಬಂತು. ಜನ ಕಿಟಕಿಯಿಂದ ಟವಲ್ಲು ಹಾಕಿ, ಮಕ್ಕಳನ್ನು ತೂರಿಸಿ, ನುಗ್ಗಿ ಹತ್ತಿದರು. ಬಸ್ಸು ಹೋದ ಮೇಲೂ ಸಾಲಿನಲ್ಲಿ ಮೊದಲನೆಯವರಾಗಿ, ಕೊನೆಯವರೂ ಆಗಿ, ಅಕ್ಕ ಒಬ್ಬರೇ ನಿಂತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ತುಸು ತಡವಾಗಿ.

ಕೊನೆಗೂ ಮದ್ರಾಸಿನಿಂದ ಕಾಗದ ಬಂತು. ನಾನೂ ನಮ್ಮವರೂ ಜೊತೆಗೆ ಹೋದೆವು. ಒಳಕ್ಕೆ ಅಕ್ಕನೊಬ್ಬರನ್ನೇ ಬಿಟ್ಟರು. ನದಿಗಳ ಹೆಸರು ಗೊಣಗುತ್ತಲೇ ಹೋದವರು ಅರ್ಧ ಗಂಟೆಗೆ ಹೊರಬಂದರು.

"ಏನು ಕೇಳಿದ್ರಕ್ಕ? ನದೀನಾ? ರಾಣೀನಾ?"

"ಆ ದೇಶದ್ದು ಒಂದೂ ಕೇಳ್ಲಿಲ್ಲ ಕಣೇ. ನಾನು ನಿಜವಾಗ್ಲೂ ಹೆಂಡ್ತಿ ಹೌದೋ ಅಲ್ವೋ ನೋಡ್ಬೇಕಂತೆ. ಬರೀ ಇವ್ರುದ್ದೇ ಕೇಳಿದ್ರು. ಗಂಡಂಗೆ ಯಾವ ಊಟ ಇಷ್ಟ? ಯಾವ ಮಗ್ಗುಲಿಗೆ ಮಲಗ್ತಾರೆ? ನಿನ್ನ ಏನಂತ ಕರೀತಾರೆ? ಒಂದೂ ಬರ್ಲಿಲ್ಲ. ಸುಮ್ನೆ ಕೂತಿರಕ್ಕಾಗ್ದೆ, ಪಾರ್ಲಿಮೆಂಟಿಗೆ ಎರಡು ಸಭೆ ಅದಾವೆ ಸ್ವಾಮಿ ಅಂದೆ."

ವೀಸಾ ಇಲ್ಲವೆಂದು ಅಲ್ಲೇ ಹೇಳಿ ಕಳಿಸಿದ್ದರು.

ವಾಪಸು ರೈಲಿನಲ್ಲಿ ಬರುವಾಗ ಜೋಲಾರಪೇಟೆಯಲ್ಲಿ ನಮ್ಮವರು ಕಾಫಿ ತರಲು ಇಳಿದರು. ಅಲ್ಲಿಯವರೆಗೂ ಕಿಟಕಿಯಾಚೆ ನೋಡುತ್ತಿದ್ದ ಅಕ್ಕ ನನ್ನ ಕಡೆ ತಿರುಗಿದರು.

"ನಿಮ್ಮೋರು ನಿನ್ನ 'ಇವ್ಳೇ' ಅಂತ ಕರೀತಾರಲ್ಲ. ಅಣ್ಣತಮ್ಮದೀರು ಅಲ್ವಾ... ಇವ್ರೂ ನನ್ನ ಹಂಗೇ ಕರೀತಿದ್ರೇನೋ?"

ನಾನು ಆ ಮನೆಗೆ ಬರುವ ಹೊತ್ತಿಗೆ ಬಾವ ಹೋಗಿಯಾಗಿತ್ತು. ಆದರೂ, "ಹಂಗೇ ಇರ್ಬೇಕು ಬುಡಿ ಅಕ್ಕ" ಎಂದೆ.

ಊರು ಮುಟ್ಟಿದ ಮಾರನೆಯ ಬೆಳಿಗ್ಗೆ ಅಕ್ಕ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದರು. ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಜಗಲಿಯಿಂದ ನಮ್ಮವರು, "ಇವ್ಳೇ..." ಎಂದು ಕೂಗಿದರು.

ತುರಿಮಣೆಯ ಸದ್ದು ನಿಂತಿತು.

ನಾನು ಓಗೊಡಲಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಸುಮ್ಮನೆ ಕಾದೆ.